ಬೆರಳ ಗುರುತೂ ಮನೆಯ ಗುಟ್ಟೂ

ಸಂಸಾರವಂದಿಗರ ಮನೆಯಲ್ಲಿ ಕಾಗದಪತ್ರಗಳ ಪೆಟ್ಟಿಗೆಯೊಂದು ಇರುವುದು ವಾಡಿಕೆ. ಕ್ರಯಪತ್ರ, ಕಂದಾಯದ ರಸೀದಿ, ಮಕ್ಕಳ ಜಾತಕ, ವಿಮೆಯ ಪತ್ರ ಇವನ್ನೆಲ್ಲ ಒಂದು ವಸ್ತ್ರದಲ್ಲಿ ಸುತ್ತಿ ಅದರೊಳಗಿಟ್ಟು, ಬೀಗದ ಕೈಯನ್ನು ಮನೆಯ ಯಜಮಾನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲವು ಬಹಳ ಹಿಂದಿನದೇನೂ ಅಲ್ಲ. ಆ ಪೆಟ್ಟಿಗೆಯನ್ನು ಪರರೆದುರಿಗೆ ತೆರೆಯುವ ಪದ್ಧತಿಯಿರಲಿಲ್ಲ. ಈಗಲಾದರೋ, ಆ ಪತ್ರಗಳಷ್ಟೇ ಬೆಲೆಯುಳ್ಳ ಒಂದು ಚೀಟಿಯ ಪ್ರತಿಯನ್ನು ನಾವು ವಸತಿಗೃಹದ ಗುಮಾಸ್ತೆಗೂ, ಸಿಮ್ ಮಾರುವ ಅಂಗಡಿಯ ಹುಡುಗನಿಗೂ, ಬಾಡಿಗೆಯ ಮನೆಯ ದಳ್ಳಾಳಿಗೂ ಕೇಳಿದ ಮಾತ್ರಕ್ಕೆ ಕೊಟ್ಟುಬಿಡುತ್ತೇವೆ. ಏಕೆಂದು ಕೇಳುವುದಿಲ್ಲ, ಆ ಪ್ರತಿಯು ಮುಂದೆ ಎಲ್ಲಿಗೆ ಹೋಯಿತೆಂದು ವಿಚಾರಿಸುವುದೂ ಇಲ್ಲ. ಆ ಚೀಟಿಯ ಹೆಸರು ಆಧಾರ್ ಎಂಬುದನ್ನು ವಾಚಕರು ಆಗಲೇ ಊಹಿಸಿರಬಹುದು.

ಈ ಚೀಟಿಯ ಹಿಂದಣ ಏರ್ಪಾಡನ್ನು ಮೊದಲು ತಿಳಿಯತಕ್ಕುದು. ೨೦೦೯ನೆಯ ಇಸವಿಯಲ್ಲಿ ಭಾರತ ಸರ್ಕಾರದವರು ವಿಶಿಷ್ಟ ಗುರುತಿನ ಪ್ರಾಧಿಕಾರವೆಂಬ ಸಂಸ್ಥೆಯನ್ನು ಸ್ಥಾಪಿಸಿ, ಬೆಂಗಳೂರಿನವರಾದ ಶ್ರೀ ನಂದನ್ ನಿಲೇಕಣಿಯವರನ್ನು ಅದರ ಮೊದಲನೆಯ ಅಧ್ಯಕ್ಷರನ್ನಾಗಿ ನೇಮಿಸಿದರು. ೨೦೧೦ನೆಯ ಸೆಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ಹಂಚಿದರು. ಈಗ ನೂರು ಕೋಟಿಗೂ ಮಿಕ್ಕ ಜನರಿಗೆ ಅದು ದೊರೆತಿರುವುದು. ಜನರು ಅದನ್ನು ಕಾರ್ಡೆಂದು ಕರೆದರೂ ಕಾರ್ಡು ಅಲ್ಲಿ ಮುಖ್ಯವಲ್ಲ; ಅದರ ಮೇಲಿರುವ ಹನ್ನೆರಡು ಅಂಕಿಗಳೇ ಮುಖ್ಯ. ಆ ಅಂಕಿಗಳ ಹಿಂದೆ, ಕೇಂದ್ರದ ಭಂಡಾರವೊಂದರಲ್ಲಿ, ಮನುಷ್ಯನ ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಪಾಪೆಗಳ ಚಿತ್ರ, ಮುಖದ ಚಿತ್ರ ಇವು ಸಂಗ್ರಹವಾಗಿರುವುವು. ಐದು ವರ್ಷದೊಳಗಿನ ಮಕ್ಕಳ ಬೆರಳನ್ನು ಮಾತ್ರ ಮುಟ್ಟುವುದಿಲ್ಲ. ಐದನೆಯ ಮತ್ತು ಹದಿನೈದನೆಯ ವಯಸ್ಸಿನಲ್ಲಿ ಅವರು ಬಂದು ಬೆರಳೊತ್ತತಕ್ಕುದು.

ಹೆಸರನ್ನು ಬರೆಯಿಸುವ ದಿನ ಯಂತ್ರವು ಹೊಸಬನ ಬೆರಳನ್ನು ಭಂಡಾರದಲ್ಲಿರುವ ಎಲ್ಲರ ಬೆರಳುಗಳೊಡನೆಯೂ ಹೋಲಿಸಿ, ಇವನು ಬೇರೆ ಹೆಸರಿನಲ್ಲಿ ಈ ಮೊದಲೇ ಬಂದಿರುವನೋ ಎಂದು ನೋಡುವುದು. ಆ ಬಳಿಕ ಪಡಿತರದ ಅಂಗಡಿಯಲ್ಲಿಯೋ ಬ್ಯಾಂಕಿನಲ್ಲಿಯೋ ಬೆರಳೊತ್ತಿದಾಗಲೆಲ್ಲ, ಆ ಒಂದು ಸಂಖ್ಯೆಗೆ ಸೇರಿದ ಬೆರಳೊಡನೆ ಮಾತ್ರ ಹೋಲಿಸಿ, ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರವನ್ನು ಕೊಡುವುದು. ಕೇಳುವುದಕ್ಕೆ ಇದು ಸರಳವಾಗಿದೆ.

ಇದರಿಂದ ಉಪಕಾರವಾಗಿಲ್ಲವೆಂದು ಹೇಳುವವರು ಬಡವರ ಪಾಡನ್ನು ಅರಿಯದವರು. ಗುರುತಿನ ಕಾಗದವಿಲ್ಲದವನು ಕಚೇರಿಯ ಬಾಗಿಲಿನಲ್ಲಿ ಪಡುವ ಪಾಡು, ಅದನ್ನು ಪಟ್ಟವನಿಗೇ ಗೊತ್ತು. ಶಾನುಭೋಗನ ಸಹಿ ಬೇಕು, ಪಟೇಲನ ಮಾತು ಬೇಕು, ಪರಿಚಿತರ ಸಾಕ್ಷಿ ಬೇಕು. ಊರು ಬಿಟ್ಟು ಬಂದ ಕೂಲಿಗಾರನಿಗೆ ಸಾಕ್ಷಿ ಹೇಳುವವರು ಯಾರು? ರಾಯಚೂರು ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಸಂಸಾರವು ತನ್ನ ಪಾಲಿನ ಅಕ್ಕಿಯನ್ನು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯುವಂತಾದುದು ಈ ಸಂಖ್ಯೆಯ ಬಲದಿಂದಲೇ. ಒಬ್ಬನೇ ನಾಲ್ಕು ಹೆಸರಿನಲ್ಲಿ ವೇತನ ಎತ್ತುವುದೂ, ಸತ್ತವರ ಹೆಸರಿನಲ್ಲಿ ಪಡಿತರ ಹರಿಯುವುದೂ ಕಷ್ಟವಾಗಿರುವುವು. ಇವು ಅಲ್ಪ ಲಾಭಗಳಲ್ಲ.

ಬೆರಳ ಗುರುತಿನಿಂದ ಮನುಷ್ಯನನ್ನು ಹಿಡಿದಿಡುವ ವಿದ್ಯೆಗೆ ಮೊದಲು ಆಡಳಿತದ ರೂಪ ಬಂದುದು ನಮ್ಮ ದೇಶದಲ್ಲಿಯೇ ಎಂಬುದನ್ನು ಅನೇಕರು ಅರಿಯರು. ೧೮೫೮ರಲ್ಲಿ ಬಂಗಾಳದ ಜಂಗಿಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬಾತನು, ರಸ್ತೆಗೆ ಜಲ್ಲಿ ಒದಗಿಸುವ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಹಿಂಬದಿಗೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಅವನು ಮಾತಿಗೆ ತಪ್ಪಿ ಸಹಿ ತನ್ನದಲ್ಲವೆನ್ನಬಾರದೆಂಬುದು ಉದ್ದೇಶ. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಏರ್ಪಟ್ಟಿತು. ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಕ್ರಮಕ್ಕೆ ಎಡ್ವರ್ಡ್ ಹೆನ್ರಿಯೆಂಬ ದೊರೆಯ ಹೆಸರು ನಿಂತಿದೆ. ಅದರ ಹಿಂದಿನ ದುಡಿಮೆ ಬಹುಪಾಲು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ದೇಶೀಯ ನೌಕರರದು. ಕರಾರು ಮಾಡಿಕೊಂಡವನ ಕೈಯಿಂದ ಮೊದಲಾದ ಈ ವಿದ್ಯೆಯು ಅಪರಾಧಿಯ ಕೈಗೆ ಬಂದು ನಿಂತುದರಿಂದ, ಬೆರಳೊತ್ತು ಎಂದರೆ ಮಾನವಂತರು ಹಿಂಜರಿಯುವಂತಾಯಿತು.

ಆ ಹಿಂಜರಿಕೆಯು ಒಂದು ದೊಡ್ಡ ಹೋರಾಟಕ್ಕೆ ಬೀಜವಾದುದು ದಕ್ಷಿಣ ಆಫ್ರಿಕದಲ್ಲಿ. ೧೯೦೬ರಲ್ಲಿ ಟ್ರಾನ್ಸ್‌ವಾಲಿನ ಸರ್ಕಾರದವರು, ಅಲ್ಲಿ ನೆಲಸಿದ್ದ ಭಾರತೀಯರು ಹತ್ತು ಬೆರಳುಗಳ ಅಚ್ಚನ್ನು ಕೊಟ್ಟು ಹೆಸರು ಬರೆಯಿಸಬೇಕು, ಪೊಲೀಸರು ಕೇಳಿದಾಗಲೆಲ್ಲ ರಹದಾರಿಯನ್ನು ತೋರಿಸಬೇಕು ಎಂಬ ಶಾಸನವನ್ನು ಹೂಡಿದರು. ಆ ವರ್ಷದ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ನೆರೆದ ಭಾರತೀಯರು, ಸೆರೆಮನೆಗೆ ಹೋದರೂ ಚಿಂತೆಯಿಲ್ಲ, ಈ ಶಾಸನಕ್ಕೆ ತಲೆಬಾಗುವುದಿಲ್ಲವೆಂದು ದೇವರ ಮೇಲೆ ಆಣೆಯಿಟ್ಟರು. ಸತ್ಯಾಗ್ರಹದ ಹುಟ್ಟು ಅದೇ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ೧೯೦೮ರ ಜನವರಿಯಲ್ಲಿ ಜನರಲ್ ಸ್ಮಟ್ಸನೊಡನೆ ರಾಜಿಯಾಗಿ, ಬಲಾತ್ಕಾರವಿಲ್ಲದೆ ಸ್ವಇಚ್ಛೆಯಿಂದ ಹೆಸರು ಬರೆಯಿಸಬಹುದು ಎಂದಾದಾಗ, ಗಾಂಧಿಯವರು ತಾವೇ ಮೊದಲಿಗರಾಗಿ ಬೆರಳೊತ್ತಲು ಹೊರಟರು. ಫೆಬ್ರವರಿ ೧೦ರಂದು ದಾರಿಯಲ್ಲಿಯೇ ಮೀರ್ ಆಲಂ ಎಂಬ ಪಠಾಣನು, ಇವರು ಜನರಿಗೆ ದ್ರೋಹ ಮಾಡಿದರೆಂದು ಬಗೆದು ದೊಣ್ಣೆಯಿಂದ ಹೊಡೆದು ಕೆಡವಿದನು. ಗಾಂಧಿಯವರು ಪ್ರಜ್ಞೆ ಬಂದ ಮೇಲೆ ಅಧಿಕಾರಿಯನ್ನು ಹಾಸಿಗೆಯ ಬಳಿಗೆ ಕರೆಯಿಸಿ ತಮ್ಮ ಬೆರಳುಗಳ ಅಚ್ಚನ್ನು ಕೊಟ್ಟರು. ಮುಂದೆ ಸರ್ಕಾರವು ಶಾಸನವನ್ನು ಹಿಂತೆಗೆಯದೆ ಹೋದಾಗ, ಅದೇ ಆಗಸ್ಟ್ ೧೬ರಂದು ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೆ ಮೇಲ್ಪಟ್ಟ ರಹದಾರಿಗಳನ್ನು ಸುಟ್ಟರು. ಅದೇ ಹತ್ತು ಬೆರಳು, ಅದೇ ಮಸಿ. ತಾನಾಗಿ ಕೊಟ್ಟರೆ ಮಾನ, ಕಿತ್ತುಕೊಂಡರೆ ಅವಮಾನ ಎಂಬುದು ಅಲ್ಲಿಯ ವಾದವಾಗಿತ್ತು; ಮಸಿಯ ಮೇಲೆ ಯಾರಿಗೂ ದ್ವೇಷವಿರಲಿಲ್ಲ.

ನಮ್ಮ ಕಾಲದ ಏರ್ಪಾಡು ಟ್ರಾನ್ಸ್‌ವಾಲಿನಂತೆ ಒಂದು ಜನಾಂಗವನ್ನು ಹೀಯಾಳಿಸಲು ಹುಟ್ಟಿದುದಲ್ಲ. ಆದರೂ, ಭದ್ರತೆ ಬೇಕಾದರೆ ಖಾಸಗಿತನವನ್ನು ಸ್ವಲ್ಪ ಬಿಟ್ಟುಕೊಡಬೇಕು, ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಒಂದು ಇಳಿಯಲೇಬೇಕು ಎಂಬ ಮಾತನ್ನು ನಾವು ಎಲ್ಲೆಲ್ಲಿಯೂ ಕೇಳುತ್ತೇವೆ. ಬೆರಳಿನ ವಿಷಯದಲ್ಲಿ ಈ ತಕ್ಕಡಿಯ ಲೆಕ್ಕವು ಸರಿಯಾದುದೆಂದು ನಮಗೆ ತೋರುವುದಿಲ್ಲ. ಪೆಟ್ಟಿಗೆಯ ಬೀಗದ ಕೈ ಕಳೆದರೆ ಬೇರೆ ಬೀಗ ಹಾಕಿಸಬಹುದು. ಗುಪ್ತಸಂಖ್ಯೆ ಬಯಲಾದರೆ ಬದಲಾಯಿಸಬಹುದು. ಬೆರಳಚ್ಚು ಬಯಲಾದರೆ? ದೇವರು ಕೊಟ್ಟುದು ಹತ್ತೇ ಬೆರಳು. ಮೇಲಾಗಿ ಇದು ನಾವು ಮುಟ್ಟಿದ ಲೋಟದ ಮೇಲೆ, ಬಾಗಿಲ ಹಿಡಿಯ ಮೇಲೆ, ಒತ್ತಿದ ಕಾಗದದ ಮೇಲೆ ಉಳಿದುಹೋಗುವ ಬೀಗದ ಕೈ. ಇಂಥದರ ಗುಟ್ಟು ಹೊರಬಿದ್ದರೆ ಖಾಸಗಿತನವು ಹೋದಂತೆಯೇ ಭದ್ರತೆಯೂ ಹೋಯಿತು. ಒಂದು ತಟ್ಟೆಯನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಳ್ಳುವ ವ್ಯಾಪಾರವೇ ಅಲ್ಲಿಲ್ಲ.

ಇದು ಬರಿಯ ಊಹೆಯಲ್ಲ. ಬ್ಯಾಂಕಿನ ಪ್ರತಿನಿಧಿಯೊಬ್ಬನು ಹಳ್ಳಿಯಲ್ಲಿ ಚಿಕ್ಕ ಯಂತ್ರವನ್ನಿಟ್ಟುಕೊಂಡು ಹಣ ಕೊಡುವ ವ್ಯವಸ್ಥೆಯು ವಾಚಕರಿಗೆ ತಿಳಿದಿರಬಹುದು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇವು ಮೂರಿದ್ದರೆ ಸಾಕು. ಪಾಸ್‌ಪುಸ್ತಕವೂ ಬೇಡ, ಗುಪ್ತಸಂಖ್ಯೆಯೂ ಬೇಡ. ಓದುಬರಹ ಬಾರದ ಮುದುಕಿಗೆ ಇದು ದೊಡ್ಡ ಅನುಕೂಲ. ಕಳ್ಳನಿಗೂ ಅನುಕೂಲವೇ! ೨೦೧೮ರಲ್ಲಿ ತೆಲಂಗಾಣದಲ್ಲಿ, ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಕ್ರಯಪತ್ರಗಳಿಂದ ಬೆರಳಚ್ಚುಗಳನ್ನು ತೆಗೆದು ರಬ್ಬರಿನ ಬೆರಳುಗಳನ್ನು ಮಾಡಿದವನೊಬ್ಬನು ಸಿಕ್ಕಿಬಿದ್ದನು. ೨೦೨೩ರಲ್ಲಿ ಅದೇ ಬಗೆಯ ದೂರುಗಳು ನಮ್ಮ ಕರ್ನಾಟಕದಲ್ಲಿಯೂ ಎದ್ದುವು. ಮನೆಯನ್ನೋ ನಿವೇಶನವನ್ನೋ ನೋಂದಾಯಿಸಿದವರ ಪತ್ರಗಳ ಪ್ರತಿಗಳನ್ನು ಪಡೆದು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳನ್ನು ಸಿದ್ಧಪಡಿಸಿ, ಅವರ ಖಾತೆಯಿಂದ ಹಣವೆತ್ತಿದರೆಂಬುದು ಪೊಲೀಸರ ತನಿಖೆಯಿಂದ ಹೊರಬಿದ್ದಿತು. ಹಣ ಕಳೆದುಕೊಂಡವರು ಬೇಜವಾಬ್ದಾರಿಯ ಜನರಲ್ಲ. ಯಾರಿಗೂ ಗುಪ್ತಸಂಖ್ಯೆಯನ್ನು ಹೇಳಿದವರಲ್ಲ. ಶಾಸನವು ಒತ್ತು ಎಂದಲ್ಲಿ ಹೆಬ್ಬೆಟ್ಟನ್ನು ಒತ್ತಿದ್ದರು, ಅಷ್ಟೆ. ಇಲಾಖೆಯವರು ಆ ಮೇಲೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಏರ್ಪಾಡಿಗೆ ಕೈಹಾಕಿದರು.

೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ವಾದಿಸಿದ ಅಟಾರ್ನಿ ಜನರಲರು, ಈ ಭಂಡಾರವು ಹದಿಮೂರಡಿ ಎತ್ತರ, ಐದಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆಯೆಂದು ಹೇಳಿದರು. ಆ ಭಂಡಾರದಿಂದ ಬೆರಳಚ್ಚು ಹೊರಹೋಗಿಲ್ಲವೆಂದು ಪ್ರಾಧಿಕಾರದವರು ಹೇಳುತ್ತಲೇ ಬಂದಿರುತ್ತಾರೆ. ಇರಬಹುದು. ಆದರೆ ಮೇಲಿನ ಕಳ್ಳರಾರೂ ಆ ಗೋಡೆಯ ಹತ್ತಿರಕ್ಕೂ ಹೋಗಲಿಲ್ಲ. ಹೋಗಬೇಕಾದ ಅಗತ್ಯವೂ ಅವರಿಗೆ ಬೀಳಲಿಲ್ಲ.

ಇನ್ನು ಯಂತ್ರದ ತೀರ್ಪಿನ ವಿಚಾರ. ಯಂತ್ರವು ಬೆರಳನ್ನು ನಮ್ಮ ಕಣ್ಣಿನಂತೆ ಇಡಿಯಾಗಿ ನೋಡುವುದಿಲ್ಲ. ಗೆರೆಗಳು ಎಲ್ಲಿ ಮುಗಿಯುವುವು, ಎಲ್ಲಿ ಕವಲೊಡೆಯುವುವು ಎಂಬ ಬಿಂದುಗಳನ್ನು ಆಯ್ದು, ಹಳೆಯ ಬಿಂದುಗಳೊಡನೆ ಎಷ್ಟು ಹೊಂದುವುವೆಂದು ಎಣಿಸುವುದು. ಒಬ್ಬನದೇ ಬೆರಳಾದರೂ ಎರಡು ಸಲ ಒತ್ತಿದ ಅಚ್ಚು ಒಂದೇ ತೆರನಾಗಿರದು. ಆದಕಾರಣ ಇಷ್ಟು ಹೊಂದಿದರೆ ಸಾಕೆಂದು ಒಂದು ಮಿತಿಯನ್ನು ಮನುಷ್ಯರೇ ಗೊತ್ತುಮಾಡತಕ್ಕುದು. ಮಿತಿಯನ್ನು ಸಡಿಲಿಸಿದರೆ ಪರಕೀಯನು ಒಳಗೆ ಬರುವನು. ಬಿಗಿಮಾಡಿದರೆ ಮನೆಯವನೇ ಹೊರಗೆ ನಿಲ್ಲುವನು. ಹೀಗೆ ಹೊರಗೆ ನಿಲ್ಲುವವರು ಯಾರೆಂದು ನೋಡಿದರೆ ಮನಸ್ಸು ಕುಗ್ಗುವುದು. ಮೇಜಿನ ಮುಂದೆ ಕುಳಿತು ಬರೆಯುವವರ ಬೆರಳು ಬೇಗ ಸವೆಯದು. ಹೊಲದಲ್ಲಿ ಕಳೆ ಕಿತ್ತವರ, ಕಲ್ಲು ಒಡೆದವರ, ಪರರ ಮನೆಯ ಪಾತ್ರೆ ತೊಳೆದವರ, ದಕ್ಷಿಣ ಕನ್ನಡದಲ್ಲಿ ಬೀಡಿ ಸುತ್ತಿದವರ, ಗೇರುಬೀಜದ ಕಾರ್ಖಾನೆಯಲ್ಲಿ ಸುಡುವ ಎಣ್ಣೆಗೆ ಕೈಯೊಡ್ಡಿದವರ ಬೆರಳಿನಲ್ಲಿ ಗೆರೆಗಳೇ ಅಳಿಸಿಹೋಗುವುವು. ವೃದ್ಧಾಪ್ಯದಲ್ಲಿ ಚರ್ಮವು ಒಣಗಿ ಎಲ್ಲರ ಗತಿಯೂ ಅದೇ. ಯಾರಿಗೆ ಅಕ್ಕಿ ಬೇಕೋ ಅವರ ಬೆರಳನ್ನೇ ಯಂತ್ರವು ಒಲ್ಲೆನೆನ್ನುವುದು.

ಕೇಂದ್ರ ಸರ್ಕಾರದ ೨೦೧೬-೧೭ರ ಆರ್ಥಿಕ ಸಮೀಕ್ಷೆಯಲ್ಲಿಯೇ ಇದರ ಅಂಕಿಗಳುಂಟು: ಗುರುತು ಹೊಂದದೆ ಹೋಗುವುದು ಝಾರ್ಖಂಡದಲ್ಲಿ ನೂರಕ್ಕೆ ೪೯, ರಾಜಸ್ಥಾನದಲ್ಲಿ ೩೭, ಗುಜರಾತಿನಲ್ಲಿ ೬ ಎಂಬ ಅಂದಾಜುಗಳನ್ನು ಅದು ಉಲ್ಲೇಖಿಸಿತು. ಅವು ಆ ಕಾಲದ ಅಂಕಿಗಳು. ಆ ಬಳಿಕ ಕಣ್ಣುಪಾಪೆಯನ್ನೂ ಮುಖವನ್ನೂ ನೋಡುವ ಯಂತ್ರಗಳು ಬಂದಿರುವುವು. ಆದರೆ ನೂರರಲ್ಲಿ ಒಬ್ಬಳೇ ಆಗಲಿ, ಹಿಂದಿರುಗುವ ಮುದುಕಿಗೆ ಉಳಿದ ತೊಂಬತ್ತೊಂಬತ್ತರ ಲೆಕ್ಕದಿಂದ ಹೊಟ್ಟೆ ತುಂಬದು.

ಇಲ್ಲಿ ನಮಗೆ ಕಾಳಿದಾಸನ ಶಕುಂತಲೆಯ ನೆನಪಾಗುವುದು. ಗುರುತಿನ ಉಂಗುರವು ನೀರಿನಲ್ಲಿ ಬಿದ್ದುಹೋಯಿತು. ಗರ್ಭಿಣಿಯಾದ ಪತ್ನಿಯು ಎದುರಿಗೇ ನಿಂತಿದ್ದರೂ ದೊರೆಯು ಅವಳನ್ನು ಅರಿಯನು. ಉಂಗುರವು ಮೀನಿನ ಹೊಟ್ಟೆಯಿಂದ ಹೊರಬಂದ ಮೇಲೆ ಅವನಿಗೆ ಹೆಂಡತಿಯ ನೆನಪು! ಅಲ್ಲಿಯಾದರೋ ದೂರ್ವಾಸರ ಶಾಪವೆಂಬ ನೆವವಿತ್ತು. ಮೂವತ್ತು ವರ್ಷಗಳಿಂದ ಮುಖ ಕಂಡ ಅಂಗಡಿಯವನು, ಯಂತ್ರ ಒಪ್ಪಲಿಲ್ಲವೆಂದು ಓಣಿಯ ಅಜ್ಜಿಯನ್ನು ಅಪರಿಚಿತಳಂತೆ ಕಳುಹಿಸುವುದಕ್ಕೆ ಯಾವ ಋಷಿಯ ಶಾಪ?

ನ್ಯಾಯಾಲಯದ ಕಥೆಯಲ್ಲಿಯೂ ಕನ್ನಡ ನಾಡಿಗೆ ಪಾಲುಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಸಂಸತ್ತಿನ ಶಾಸನವಿಲ್ಲದೆ ಜನರ ಬೆರಳಚ್ಚು ಸಂಗ್ರಹಿಸುವುದು ಸರಿಯೇ ಎಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಸರ್ಕಾರದ ಪರ ವಕೀಲರು ೨೦೧೫ರಲ್ಲಿ ೧೯೫೪ರ ಮತ್ತು ೧೯೬೨ರ ಹಳೆಯ ತೀರ್ಪುಗಳನ್ನು ತೋರಿಸಿ, ಖಾಸಗಿತನವೆಂಬ ಮೂಲಭೂತ ಹಕ್ಕೇ ನಮ್ಮ ಸಂವಿಧಾನದಲ್ಲಿಲ್ಲವೆಂದರು. ಆ ಪ್ರಶ್ನೆಯು ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಹೋಗಿ, ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಮಂದಿಯೂ ಒಮ್ಮತದಿಂದ, ಉಂಟು ಎಂದರು. ಸರ್ಕಾರವು ಆ ಹಕ್ಕಿನಲ್ಲಿ ಕೈಯಾಡಿಸಬೇಕಾದರೆ ಶಾಸನದ ಆಧಾರವಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಕೈಹಾಕಬಾರದು ಎಂಬುದು ಅದರ ಸಾರಾಂಶ. ಪೊಲೀಸಿಗೆ, ಶ್ರೀಮಂತರಿಗೆ, ಪತ್ರಿಕೆಯವರಿಗೆ ಮಾತ್ರ ಸಂಬಂಧಿಸಿದ ಮಾತೆಂದು ಎಣಿಸಬಾರದು. ಯಾರನ್ನು ಮದುವೆಯಾಗಬೇಕು, ಮನೆಯೊಳಗೆ ಏನನ್ನು ಉಣ್ಣಬೇಕು, ಯಾವ ವೈದ್ಯನಲ್ಲಿಗೆ ಹೋಗಬೇಕು ಎಂಬುವೆಲ್ಲ ಈ ಹಕ್ಕಿನ ಆಶ್ರಯದಲ್ಲಿಯೇ ಇರುವುವು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಆಧಾರ್ ಶಾಸನವು ೨೦೧೬ರಲ್ಲಿ ಆಯಿತಷ್ಟೆ. ಅದನ್ನು ಕುರಿತು ೨೦೧೮ನೆಯ ಸೆಪ್ಟೆಂಬರ್ ೨೬ರಂದು ಐವರ ಪೀಠವು ತೀರ್ಪಿತ್ತಿತು. ನಾಲ್ವರು ಶಾಸನವನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಚಂದ್ರಚೂಡರು ಒಬ್ಬರೇ ಅದು ಸಂವಿಧಾನಕ್ಕೆ ವಿರುದ್ಧವೆಂದರು. ಎತ್ತಿಹಿಡಿದವರೂ ಅದರ ಉಗುರುಗಳನ್ನು ಸ್ವಲ್ಪ ಕತ್ತರಿಸಿದರು: ಬ್ಯಾಂಕಿನ ಖಾತೆಗೂ ದೂರವಾಣಿಗೂ ಆಧಾರವನ್ನು ಜೋಡಿಸಲೇಬೇಕೆಂದು ಒತ್ತಾಯಿಸುವಂತಿಲ್ಲ, ಶಾಲೆಗೆ ಸೇರುವ ಮಗುವಿನಿಂದ ಕೇಳುವಂತಿಲ್ಲ, ಯಾವಾಗ ಗುರುತು ಹೊಂದಿತೆಂಬ ದಾಖಲೆಗಳನ್ನು ಆರು ತಿಂಗಳಿಗಿಂತ ಹೆಚ್ಚಾಗಿ ಇಟ್ಟುಕೊಳ್ಳುವಂತಿಲ್ಲ. ಸರ್ಕಾರದ ಸಹಾಯಧನಕ್ಕೂ ವರಮಾನ ತೆರಿಗೆಗೂ ಮಾತ್ರ ಅದನ್ನು ಕೇಳಬಹುದು. ೨೦೧೯ರ ತಿದ್ದುಪಡಿಯಿಂದ ಬ್ಯಾಂಕು ಮತ್ತು ದೂರವಾಣಿಯವರಿಗೆ, ಗ್ರಾಹಕನು ಒಪ್ಪಿದರೆ, ಮತ್ತೆ ಅವಕಾಶ ದೊರೆಯಿತು. ಒಪ್ಪಿಗೆಯೆಂಬ ಮಾತು ಶಾಸನದಲ್ಲಿ ಬಹಳ ಅಂದವಾಗಿ ಕಾಣುವುದು. ಸಾಲಿನಲ್ಲಿ ನಿಂತವನಿಗೆ ಬೇರೆ ದಾರಿಯನ್ನು ತೋರಿಸದೆ, ಒಪ್ಪುವಿರಾ ಎಂದು ಕೇಳಿದರೆ ಅದು ಟ್ರಾನ್ಸ್‌ವಾಲಿನ ಒಪ್ಪಿಗೆಯಾಗುವುದೋ ಸ್ಮಟ್ಸನ ಒಪ್ಪಂದವಾಗುವುದೋ, ವಾಚಕರೇ ನಿರ್ಣಯಿಸಲಿ.

ಬೇರೆ ದಾರಿಗಳು ಇಲ್ಲದೆ ಇಲ್ಲ. ಜರ್ಮನಿಯಲ್ಲಿ ೨೦೨೧ರ ಆಗಸ್ಟಿನಿಂದ ಗುರುತಿನ ಚೀಟಿಗೆ ಎರಡು ಬೆರಳುಗಳ ಅಚ್ಚನ್ನು ತೆಗೆಯುತ್ತಾರೆ. ಆದರೆ ಅದು ಚೀಟಿಯೊಳಗಣ ಚಿಪ್ಪಿನಲ್ಲಿಯೇ, ಅಂದರೆ ಅದರ ಒಡೆಯನ ಜೇಬಿನಲ್ಲಿಯೇ ಉಳಿಯುವುದು, ಎಲ್ಲರ ಅಚ್ಚುಗಳ ಒಂದು ಭಂಡಾರವಿಲ್ಲ. ಬ್ರಿಟನ್ನಿನವರು ೨೦೦೬ರಲ್ಲಿ ಗುರುತಿನ ಚೀಟಿಯ ಶಾಸನವನ್ನು ಮಾಡಿ, ೨೦೧೦ರಲ್ಲಿ ರದ್ದುಗೊಳಿಸಿ, ಸಂಗ್ರಹಿಸಿದ ದಾಖಲೆಯನ್ನೂ ನಾಶಮಾಡಿದರು. ನಮ್ಮ ದೇಶದ ವಿಸ್ತಾರವೂ ಬಡತನವೂ ಬೇರೆ. ಅವರದನ್ನು ಹಾಗೆಯೇ ತರಬೇಕೆಂದು ನಾವು ಹೇಳುವವರಲ್ಲ. ಭಂಡಾರವನ್ನು ಕಟ್ಟುವುದೊಂದೇ ಮಾರ್ಗವೆಂಬ ಮಾತು ಮಾತ್ರ ನಿಜವಲ್ಲ.

ಹಾಗಾದರೆ ಗೃಹಸ್ಥರು ಮಾಡತಕ್ಕುದೇನು? ೨೦೨೨ನೆಯ ಮೇ ೨೭ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯವರು, ಆಧಾರಿನ ನೆರಳಚ್ಚು ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿರೆಂದು ಪ್ರಕಟಣೆ ಹೊರಡಿಸಿದರು. ಎರಡೇ ದಿನಗಳಲ್ಲಿ ದೆಹಲಿಯವರು ಅದನ್ನು ಹಿಂತೆಗೆದುಕೊಂಡು, ಜನರು ಎಂದಿನ ವಿವೇಕವನ್ನು ಬಳಸಿದರೆ ಸಾಕೆಂದರು. ಮೊದಲನೆಯ ಬುದ್ಧಿವಾದವೇ ಮೇಲೆಂದು ನಮ್ಮ ಅಭಿಪ್ರಾಯ. ಪ್ರತಿಯನ್ನು ಕೊಡಲೇಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಪ್ರತಿಯು ಪ್ರಾಧಿಕಾರದ ಜಾಲತಾಣದಲ್ಲಿಯೇ ದೊರೆಯುವುದು. ಅದರ ಮೇಲೆ ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟುದೆಂದು ಅಡ್ಡಲಾಗಿ ಬರೆದು ಕೊಡುವುದು ಮೇಲು. ನಿಜವಾದ ಸಂಖ್ಯೆಗೆ ಬದಲಾಗಿ ಹೇಳಬಹುದಾದ, ಬೇಕೆಂದಾಗ ಬದಲಾಯಿಸಬಹುದಾದ ಹದಿನಾರು ಅಂಕಿಗಳ ಬದಲಿ ಸಂಖ್ಯೆಯೂ ೨೦೧೮ರಿಂದ ಉಂಟು.

ಬೆರಳಿಗೆ ಬೀಗ ಹಾಕುವ ಏರ್ಪಾಡನ್ನು ಬಹುಜನರು ಬಳಸುತ್ತಿಲ್ಲ. ಪ್ರಾಧಿಕಾರದ ಜಾಲತಾಣದಲ್ಲಿ, ನೋಂದಾಯಿಸಿದ ದೂರವಾಣಿಯ ಸಹಾಯದಿಂದ ಬೀಗ ಹಾಕಿದರೆ, ಆ ಮೇಲೆ ಯಾರು ಆ ಬೆರಳನ್ನು, ಅಸಲನ್ನಾಗಲಿ ನಕಲನ್ನಾಗಲಿ, ಒತ್ತಿದರೂ ಯಂತ್ರವು ಒಪ್ಪದು. ಬೇಕಾದಾಗ ತೆರೆದು ಮತ್ತೆ ಹಾಕಬಹುದು. ಮನೆ ನಿವೇಶನಗಳ ಪತ್ರ ಮಾಡಿಸಿದವರು ಇದನ್ನು ಅಂದೇ ಮಾಡುವುದೊಳ್ಳೆಯದು. ಪಡಿತರಕ್ಕಾಗಿ ತಿಂಗಳು ತಿಂಗಳು ಬೆರಳೊತ್ತುವ ಮನೆಯವರು ಮಾತ್ರ, ಅಂಗಡಿಗೆ ಹೊರಡುವ ಮುನ್ನ ತೆರೆಯಲು ಮರೆತು ಮನೆಯ ಹಿರಿಯರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು.

ಹಿರಿಯರ ಬೆರಳು ಹೊಂದದೆ ಹೋದರೆ ಹಿಂದಿರುಗಬೇಕಾಗಿಲ್ಲ. ೨೦೧೭ರ ಅಕ್ಟೋಬರಿನಲ್ಲಿ ಪ್ರಾಧಿಕಾರದವರೇ ಇಂಥ ಸಂದರ್ಭಗಳಿಗಾಗಿ ಸೂಚನೆ ಹೊರಡಿಸಿದ್ದಾರೆ; ೨೦೧೮ರ ತೀರ್ಪೂ ಗುರುತು ಹೊಂದಲಿಲ್ಲವೆಂಬ ಕಾರಣಕ್ಕೆ ಯಾರಿಗೂ ಸವಲತ್ತನ್ನು ನಿರಾಕರಿಸಕೂಡದೆಂದಿದೆ. ಬೆರಳು ಒಪ್ಪದಿದ್ದರೆ ಬೇರೆ ಬೆರಳು, ಅದೂ ಆಗದಿದ್ದರೆ ಕಣ್ಣುಪಾಪೆ ಅಥವಾ ದೂರವಾಣಿಗೆ ಬರುವ ಸಂಖ್ಯೆ; ಯಾವುದೂ ನಡೆಯದಿದ್ದರೆ ಚೀಟಿಯನ್ನು ಕಣ್ಣಿನಿಂದ ನೋಡಿ, ವಿಶೇಷ ಪುಸ್ತಕದಲ್ಲಿ ಬರೆದುಕೊಂಡು, ಧಾನ್ಯವನ್ನು ಅಳೆದುಕೊಡತಕ್ಕುದು. ಆ ಪುಸ್ತಕವನ್ನು ತೆರೆಯಿರೆಂದು ಕೇಳುವುದಕ್ಕೆ ಓದುಬರಹ ಬಲ್ಲ ಒಬ್ಬರು ಆ ಅಜ್ಜಿಯೊಡನೆ ಅಂಗಡಿಯವರೆಗೆ ಹೋದರೆ ಸಾಕು.